ಏಳರ ಬಸ್ಸಿನ ದಾರಿ ಪುಸ್ತಕ

ನಮ್ಮ ಕಡೆ ಮನುಷ್ಯನಿಗಿಂತ ಮೊದಲು ಅವನ ಟವೆಲ್ಲು ಬಸ್ಸು ಹತ್ತುತ್ತಿತ್ತು. ಬಸ್ಸು ಬಂದು ನಿಂತ ಕೂಡಲೇ ಕಿಟಕಿಯಿಂದ ಕೈ ತೂರಿಸಿ ಸೀಟಿನ ಮೇಲೆ ಟವೆಲ್ ಹಾಸಿಬಿಟ್ಟರೆ ಆ ಜಾಗ ಅವನದು. ಆಮೇಲೆ ಅವನು ಮನೆಗೆ ಹೋಗಿ ರೊಟ್ಟಿ ತಿಂದು, ದಾರಿಯಲ್ಲಿ ಸಿಕ್ಕವರ ಜೊತೆ ನಾಲ್ಕು ಮಾತಾಡಿ, ಎಲೆ ಅಡಿಕೆ ಹಾಕಿಕೊಂಡು ಬರಬಹುದು. ಬಸ್ಸು ಕಾಯುತ್ತಿತ್ತು. "ಟವೆಲ್ ಐತ್ರಿ, ಬರ್ತಾರ ತಡೀರಿ" ಎಂದು ಒಳಗೆ ಕುಳಿತವರೇ ಕಂಡಕ್ಟರನಿಗೆ ಹೇಳುತ್ತಿದ್ದರು. ಟವೆಲ್ ಹಾಸಿದವನನ್ನು ಬಿಟ್ಟು ಹೋಗುವುದೆಂದರೆ ಊಟಕ್ಕೆ ಕೂತವನನ್ನು ಎಬ್ಬಿಸಿ ಕಳಿಸಿದ ಹಾಗೆ ಎಂದು ಎಲ್ಲರೂ ತಿಳಿದಿದ್ದರು.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದೆ. ಕಂಟ್ರೋಲರ್ ಎಂದರೆ ಬಸ್ಸು ಬಂದದ್ದು ಹೋದದ್ದು ಬರೆದುಕೊಳ್ಳುವವ, ಸೀಟಿ ಊದಿ ಬಸ್ಸು ಬಿಡುವವ, ಬಸ್ಸು ಬರದಿದ್ದಾಗ ಬೈಸಿಕೊಳ್ಳುವವ. ಮೊದಲೆರಡು ಕೆಲಸಕ್ಕೆ ಪಗಾರ ಬರುತ್ತಿತ್ತು, ಮೂರನೆಯದನ್ನು ಪುಕ್ಕಟೆ ಮಾಡುತ್ತಿದ್ದೆ. ಆಗ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಸ್ಟ್ಯಾಂಡಿನಲ್ಲಿ ಚಹಾ ಮಾರುವವನು ನನ್ನ ಮುಖ ನೋಡಿ ಸಕ್ಕರೆ ಹೆಚ್ಚು ಹಾಕುತ್ತಿದ್ದ.

ನನ್ನ ಸಿಟ್ಟಿಗೆ ಕಾರಣವಿತ್ತು. ಬೆಳಿಗ್ಗೆ ಏಳಕ್ಕೆ ಹುನಗುಂದ ಬಿಟ್ಟು ಅಮೀನಗಡ, ಕಮತಗಿಯ ಮೇಲೆ ಬಾಗಲಕೋಟೆಗೆ ಹೋಗುವ ಬಸ್ಸೊಂದಿತ್ತು. ದಾರಿಯಲ್ಲಿ ಮಲಪ್ರಭೆಗೆ ಸೇತುವೆ, ಒಂದು ಬಸ್ಸು ಮಾತ್ರ ಹಿಡಿಯುವಷ್ಟು ಅಗಲ. ಇಳಕಲ್ಲಿನಿಂದ ಸೀರೆಯ ಗಂಟು ಹೊತ್ತು ಬಂದವರು, ಕೋರ್ಟು ಕಚೇರಿಯವರು, ಬಾಗಲಕೋಟೆಯಲ್ಲಿ ರೈಲು ಹಿಡಿದು ಬಾದಾಮಿಗೆ ಹೋಗುವವರು, ಎಲ್ಲರಿಗೂ ಅದೇ ಬಸ್ಸು. ಅದು ಒಂದು ದಿನ ಒಂಬತ್ತಕ್ಕೆ ಮುಟ್ಟಿದರೆ ಇನ್ನೊಂದು ದಿನ ಹನ್ನೊಂದಕ್ಕೆ. ಆ ವರ್ಷ ರಸ್ತೆ ಅಗಲ ಮಾಡುವ ಕೆಲಸ ಶುರುವಾಗಿತ್ತು. ರಸ್ತೆ ಇಲಾಖೆಯವರು ಮನಸ್ಸಿಗೆ ಬಂದಲ್ಲಿ ಅಗೆದು ಬಂದ್ ಮಾಡುತ್ತಿದ್ದರು. ಅಮೀನಗಡದ ಹವಾಲ್ದಾರರು ಸಂತೆಯ ದಿನ ತಮಗೆ ತೋಚಿದ ಕಡೆ ಬಸ್ಸು ತಿರುಗಿಸುತ್ತಿದ್ದರು. ನಾವು ಟವೆಲ್ ಕಾಯುತ್ತಿದ್ದೆವು. ಒಬ್ಬರ ಸುದ್ದಿ ಇನ್ನೊಬ್ಬರಿಗಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎನ್ನುತ್ತಾರಲ್ಲ, ನಮ್ಮ ಬಂಡಿಗೆ ಮೂರು ದನಗಳಿದ್ದವು.

ಒಂದು ದಿನ ಬಸ್ಸು ಸೇತುವೆಯವರೆಗೆ ಹೋಗಿ, ರಸ್ತೆ ಬಂದ್ ಎಂದು ಜನರನ್ನೆಲ್ಲ ತುಂಬಿಕೊಂಡು ಹಾಗೇ ತಿರುಗಿ ಬಂತು. ಅವರೆಲ್ಲ ನನ್ನ ಕಿಟಕಿಯ ಮುಂದೆ ಬಂದು ನಿಂತರು. ನಾನು ಅವರಿಂದ ತಿಂದ ಬೈಗುಳವನ್ನು ಮುಂದಿನ ಬಸ್ಸಿನಲ್ಲಿ ಕೂತು ಸೇತುವೆಯ ಮಿಸ್ತ್ರಿಗೆ ಮುಟ್ಟಿಸಲು ಹೋದೆ. ಆ ಮಿಸ್ತ್ರಿ ರಸ್ತೆ ಕೆಲಸದ ಮೇಲ್ವಿಚಾರಣೆ ಮಾಡುವ ಒಣಕಲು ಮನುಷ್ಯ, ನೀರಿನ ಡ್ರಮ್ಮಿನ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ. ನಾನು ಬೈದು ಮುಗಿಸುವವರೆಗೆ ತಿಕ್ಕುತ್ತಲೇ ಇದ್ದು ಕೇಳಿದ.

"ಸಾಹೇಬ್ರ, ನಿಮ್ಮ ಬಸ್ಸು ಇಲ್ಲಿಗೆ ಎಷ್ಟಕ್ಕ ಬರತೈತ್ರಿ?"

"ಎಂಟಕ್ಕ."

"ನಿನ್ನಿ ಎಷ್ಟಕ್ಕ ಬಂತ್ರಿ?"

"ಒಂಬತ್ತಕ್ಕ ಬಂದಿರಬೇಕು."

"ಮೊನ್ನಿ?"

ನಾನು ಬೆರಳು ಮಡಿಚಿ ಲೆಕ್ಕ ಹಾಕತೊಡಗಿದೆ.

"ನಿಮ್ಮ ಬಸ್ ಯಾವಾಗ ಬರತೈತಿ ಅಂಬೂದು ನಿಮಗ ಗೊತ್ತಿಲ್ಲ. ನಾ ಯಾವಾಗ ಅಗೀತೇನಿ ಅಂತ ಯಾರಿಗೆ ಹೇಳ್ಲಿ?" ಎಂದ.

ಸಿಟ್ಟು ಇಳಿಯುವುದಕ್ಕೆ ಒಂದು ಖರೆ ಮಾತು ಸಾಕು. ಅವನ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತೆ. ಬಸ್ಸು ಖಚಿತವಾಗಿ ಎಂಟಕ್ಕೆ ಬರುವುದಾದರೆ ಅದು ದಾಟಿದ ಮೇಲೆಯೇ ಕೆಲಸ ಚಾಲೂ ಮಾಡುತ್ತೇನೆ, ಅದರಲ್ಲಿ ತನಗೇನೂ ತೊಂದರೆಯಿಲ್ಲ ಎಂದ. ನಾನು ಮಾತು ಕೊಟ್ಟೆ. "ಏಳಕ್ಕ ಬಿಡ್ತೇನಿ. ಎಂಟರಿಂದ ಎಂಟೂ ಹತ್ತರ ಒಳಗ ಬಸ್ ದಾಟತೈತಿ. ತಪ್ಪಿದ್ರ ನಮ್ಮ ದಾರಿ ನೋಡಬ್ಯಾಡ್ರಿ. ಅದು ನಮ್ಮ ತಪ್ಪು." ಅವನು ತಂಬಾಕಿನಲ್ಲಿ ಅರ್ಧ ನನ್ನ ಅಂಗೈಗೆ ಹಾಕಿದ. ತಿಂದು ರೂಢಿಯಿಲ್ಲದ ನನಗೆ ಊರು ಮುಟ್ಟುವವರೆಗೆ ತಲೆ ತಿರುಗಿತು.

ಹೀಗೆ ದಾರಿ ಪುಸ್ತಕ ಹುಟ್ಟಿತು. ನಮ್ಮ ಆಫೀಸಿನಲ್ಲಿ ಎರಡು ದೂರು ಪುಸ್ತಕಗಳಿದ್ದವು. ಜನ ಬಾಯಲ್ಲೇ ಬೈದು ಮುಗಿಸುತ್ತಿದ್ದುದರಿಂದ ಒಂದರಲ್ಲೂ ಒಂದಕ್ಷರ ಬಿದ್ದಿರಲಿಲ್ಲ. ಅದರಲ್ಲೊಂದನ್ನು ಸುತಳಿಯಿಂದ ಏಳರ ಬಸ್ಸಿನ ಡ್ರೈವರ್ ಸೀಟಿನ ಪಕ್ಕಕ್ಕೆ ಕಟ್ಟಿದೆ. ಬೆಳಿಗ್ಗೆ ಅದು ಅಮೀನಗಡದಲ್ಲಿ ಹವಾಲ್ದಾರರಿಗೆ, ಸೇತುವೆಯಲ್ಲಿ ಮಿಸ್ತ್ರಿಗೆ ಸಿಗುತ್ತಿತ್ತು, ಸಂಜೆ ಅದೇ ದಾರಿಯಲ್ಲಿ ನನಗೆ ತಿರುಗಿ ಬರುತ್ತಿತ್ತು. ಅವರವರ ಕಡೆ ನಾಳೆ ಏನಿದೆ ಎಂದು ಅದರಲ್ಲಿ ಬರೆಯಬೇಕು. ಇನ್ನೊಬ್ಬರು ಬರೆದದ್ದನ್ನು ಓದಿ ಕೆಳಗೆ ಸಹಿ ಮಾಡಬೇಕು. ತಡವಾದರೆ ಯಾರಿಂದ ತಡವಾಯಿತೋ ಅವರೇ ಕಾರಣ ಬರೆಯಬೇಕು, ಅದೂ ಖರೆ ಕಾರಣ. "ಅನಿವಾರ್ಯ ಕಾರಣಗಳಿಂದ" ಎಂಬ ಮಾತನ್ನು ಆ ಪುಸ್ತಕದಲ್ಲಿ ಯಾರೂ ಬರೆಯಕೂಡದು ಎಂದು ಮೊದಲ ಪುಟದಲ್ಲಿ ನಾನೇ ದಪ್ಪ ಅಕ್ಷರದಲ್ಲಿ ಬರೆದೆ.

ಹವಾಲ್ದಾರರು ಮೊದಮೊದಲು ಪೊಲೀಸ್ ಭಾಷೆಯಲ್ಲಿ ಅರ್ಧ ಪುಟ ಬರೆಯುತ್ತಿದ್ದರು. ಬರಬರುತ್ತ "ನಾಳೆ ಸಂತೆ, ಬಂಡಿ ಭಾಳ, ಕೆರೆ ಕಡೆಯಿಂದ ಬರ್ರಿ" ಎನ್ನುವಲ್ಲಿಗೆ ಬಂದರು. ಮಿಸ್ತ್ರಿಯದು ಯಾವಾಗಲೂ ಎರಡೇ ಮಾತು: "ಡಾಂಬರ ಇಲ್ಲ. ರಸ್ತೆ ಖುಲ್ಲಾ." ಒಂದು ದಿನ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಹೊರಟಿತ್ತು. ಡ್ರೈವರ್ ಬಹಳ ಹೊತ್ತು ಪೆನ್ನು ಕಚ್ಚಿ ಕೊನೆಗೆ "ನನಗೆ ಎಚ್ಚರ ಆಗಲಿಲ್ಲ" ಎಂದು ಬರೆದ. ಆ ಸಾಲನ್ನು ಓದಿ ಮೂರೂ ಇಲಾಖೆಗಳು ಎಂಟು ದಿನ ನಕ್ಕವು. ಆದರೆ ಆ ಸಾಲಿನ ಮೇಲೆ ನಮ್ಮ ನಂಬಿಕೆ ಕೂತಿತು. ನಿದ್ದೆ ಮಾಡಿದೆ ಎಂದು ಬರೆದುಕೊಟ್ಟವನು ರಸ್ತೆ ಕೆಟ್ಟಿದೆ ಎಂದಾಗ ಯಾರೂ ಅನುಮಾನ ಪಡಲಿಲ್ಲ.

ತಪಾಸಣೆಗೆ ಬಂದ ಮೇಲಿನ ಸಾಹೇಬರೊಬ್ಬರು ಇದು ಯಾವ ಇಲಾಖೆಯ ಪುಸ್ತಕ, ಯಾವ ಸರ್ಕ್ಯುಲರಿನ ಮೇಲೆ ಇಟ್ಟಿದ್ದೀರಿ ಎಂದು ಕೇಳಿದರು. ಪುಟ ತಿರುವುತ್ತ ಡ್ರೈವರನ ಸಾಲಿಗೆ ಬಂದು ನಕ್ಕು, ಪುಸ್ತಕವನ್ನು ಇದ್ದಲ್ಲೇ ಇಟ್ಟು, "ನಾ ಇದನ್ನ ನೋಡಿಲ್ಲ" ಎಂದು ಜೀಪು ಹತ್ತಿದರು. ಅದಕ್ಕಿಂತ ದೊಡ್ಡ ಮಂಜೂರಾತಿ ನಮಗೆ ಬೇಕಿರಲಿಲ್ಲ.

ಉಳಿದದ್ದು ಟವೆಲ್ಲು. ಟವೆಲ್ಲಿಗಾಗಿ ಬಸ್ಸು ನಿಲ್ಲುವುದಿಲ್ಲ ಎಂದು ನಾನು ಹದಿನೈದು ದಿನ ಸ್ಟ್ಯಾಂಡಿನಲ್ಲಿ ಕೂಗಿ ಹೇಳಿದೆ, ಯಾರೂ ನಂಬಲಿಲ್ಲ. ಹದಿನಾರನೆಯ ದಿನ ಹೆಡ್ಮಾಸ್ತರರ ಟವೆಲ್ಲು ಬಾಗಲಕೋಟೆಗೆ ಒಂದೇ ಹೋಯಿತು. ಅವರು ನನಗೆ ಕಲಿಸಿದ ಗುರುಗಳು. ಸೀಟಿ ಊದಿದಾಗ ಅವರು ಚಹಾದಂಗಡಿಯಿಂದ ಕೈ ಎತ್ತಿ ಓಡಿ ಬರುತ್ತಿದ್ದುದು ನನಗೆ ಕಂಡಿತ್ತು. ಆದರೂ ಊದಿದೆ. ಸಂಜೆ ಕಂಡಕ್ಟರ್ ಟವೆಲ್ಲನ್ನು ಮಡಿಚಿ ತಂದು ಅವರ ಕೈಗೆ ಕೊಟ್ಟ. ಅವರು ಅದನ್ನು ಝಾಡಿಸಿ ಹೆಗಲಿಗೆ ಹಾಕಿಕೊಂಡು, "ನನಗಿಂತ ನನ್ನ ಟವೆಲ್ ಶ್ಯಾಣ್ಯಾ ಆತು, ಹೊತ್ತಿಗೆ ಸರಿಯಾಗಿ ಮುಟ್ಟಿತು" ಎಂದು ಎಲ್ಲರನ್ನೂ ನಗಿಸಿದರು. ಊರಿಗೆ ಊರೇ ಸರಿಯಾದದ್ದು ಅವತ್ತು. ಒಂದು ವರ್ಷದೊಳಗೆ ಬಸ್ಸು ಹೋದ ಸದ್ದು ಕೇಳಿ ಸ್ಟ್ಯಾಂಡಿನ ಸುತ್ತಲಿನ ಮನೆಗಳಲ್ಲಿ ಗಡಿಯಾರ ಸರಿಮಾಡಿಕೊಳ್ಳತೊಡಗಿದರು. ನನಗೆ ಸೊಕ್ಕು ಬಂದಿತ್ತು. ಬಂದಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆ ಹೊತ್ತಿಗೆ ನಮ್ಮ ಅವ್ವನ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಅವ್ವ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ವಚನದ ಪುಸ್ತಕದ ಒಂದು ಪುಟ ಗಟ್ಟಿಯಾಗಿ ಓದುವವಳು. ಮೊದಲು ಸಣ್ಣ ಅಕ್ಷರ ಹೋದವು, ಆಮೇಲೆ ದೊಡ್ಡವು. ಕಡೆಗೆ ಪುಸ್ತಕವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ನೆನಪಿನಿಂದ ಹೇಳುತ್ತಿದ್ದಳು, ಅಂದಾಜಿನ ಮೇಲೆ ಪುಟವನ್ನೂ ತಿರುವುತ್ತಿದ್ದಳು. ಅದನ್ನು ನೋಡಲಾರದೆ ನಾನು ಆ ಹೊತ್ತಿಗೆ ಮನೆಯಿಂದ ಹೊರಬೀಳುತ್ತಿದ್ದೆ.

ಬಾಗಲಕೋಟೆಯ ದವಾಖಾನೆಯೊಂದಕ್ಕೆ ತಿಂಗಳಿಗೊಮ್ಮೆ ಹೊರಗಿನಿಂದ ಕಣ್ಣಿನ ಡಾಕ್ಟರು ಬರುತ್ತಿದ್ದರು. ಬೆಳಿಗ್ಗೆ ಒಂಬತ್ತೂವರೆಯೊಳಗೆ ಹೆಸರು ಹಚ್ಚಿದವರಿಗೆ ಮಾತ್ರ ಅವತ್ತು ಆಪರೇಷನ್. ನಮ್ಮ ಏಳರ ಬಸ್ಸು ಒಂಬತ್ತಕ್ಕೆ ಮುಟ್ಟುತ್ತಿತ್ತು. ಅವ್ವ ಬಾಜೂ ಮನೆಯವರಿಗೆಲ್ಲ, "ನನ್ನ ಮಗನ ಬಸ್ ಐತಲ್ಲ, ಗಡಿಯಾರ ತಪ್ಪೀತು, ಅದು ತಪ್ಪಂಗಿಲ್ಲ" ಎಂದು ಹೇಳಿಕೊಂಡಿದ್ದಳು.

ಹಿಂದಿನ ಸಂಜೆ ಪುಸ್ತಕ ಬಂದಾಗ ಮಿಸ್ತ್ರಿ ಎಂದಿಗಿಂತ ಉದ್ದ ಬರೆದಿದ್ದ: "ನಾಳೆ ಎಂಟೂ ಹತ್ತಕ್ಕೆ ಬ್ರಿಜ್ ಬಂದ್. ಬಸ್ಸು ದಾಟಿದ ಮೇಲೆ ಕಾಂಕ್ರೀಟ್ ಹಾಕ್ತೇವಿ. ಸಂಜೀತನಕ ಗಾಡಿ ಬಿಡಂಗಿಲ್ಲ." ನಾನು ಓದಿ ಸಹಿ ಮಾಡಿದೆ. ಮರುದಿನಕ್ಕೆ ರಜೆ ಹಾಕಿ, ಕಿಟಕಿಯಲ್ಲಿ ನನ್ನ ಅಸಿಸ್ಟಂಟನನ್ನು ಕೂಡಿಸುವ ವ್ಯವಸ್ಥೆ ಮಾಡಿ ಮನೆಗೆ ಹೋದೆ.

ಬೆಳಿಗ್ಗೆ ಆರೂವರೆಗೆ ನಾನು ಹೊರಟು ನಿಂತರೆ ಅವ್ವ ಇನ್ನೂ ಪೂಜೆಗೆ ಕೂತಿದ್ದಳು. "ನೀ ಮುಂದ ನಡಿ ತಮ್ಮಾ, ಜಾಗಾ ಹಿಡಿ. ನಾ ಬಾಜೂ ಮನಿ ಅಕ್ಕನ ಕೈ ಹಿಡಕೊಂಡು ಬರ್ತೇನಿ" ಎಂದಳು. ಆಕೆಯ ಗಂಟನ್ನು ಒಯ್ದು ಮುಂದಿನ ಸೀಟಿನ ಮೇಲೆ ಇಟ್ಟೆ. ಏನು ಮಾಡುತ್ತಿದ್ದೇನೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಊರಿಗೆಲ್ಲ ಬಿಡಿಸಿದ ಚಾಳಿಯನ್ನು ನಾನೇ ನನ್ನ ಕೈಯಾರೆ ಹಾಸಿ ಬಂದಿದ್ದೆ.

ಏಳಾಯಿತು. ಅವ್ವ ಇಲ್ಲ. ಡ್ರೈವರ್ ಇಂಜಿನ್ ಚಾಲೂ ಮಾಡಿದ. ಅಸಿಸ್ಟಂಟ್ ಸೀಟಿಯನ್ನು ಬಾಯಿಗೆ ಇಟ್ಟುಕೊಂಡು ನನ್ನ ಕಡೆ ನೋಡಿದ. ನಾನು ಕೈ ಎತ್ತಿದೆ. ನಾನು ಅವತ್ತು ರಜೆಯ ಮೇಲಿದ್ದೆ, ಆ ಬಸ್ಸಿನಲ್ಲಿ ಬರೇ ಒಬ್ಬ ಪ್ಯಾಸೆಂಜರ್. ಆದರೂ ಎತ್ತಿದ ಕೈ ಕಂಟ್ರೋಲರನದಾಗಿತ್ತು, ಅವನು ಸೀಟಿ ಇಳಿಸಿದ. ಡ್ರೈವರ್ ಇಂಜಿನ್ ಬಂದ್ ಮಾಡಿದ. ಕಿಟಕಿಯ ಪಕ್ಕ ಹೆಡ್ಮಾಸ್ತರರು ಕೂತಿದ್ದರು. ಅವ್ವನ ಗಂಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಅವರು ಮುಖವನ್ನು ಹೊರಗೆ ತಿರುಗಿಸಿಕೊಂಡರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಅವ್ವ ಬಂದಾಗ ಏಳೂ ಹನ್ನೆರಡು. ಬಾಜೂ ಮನೆಯ ಅಕ್ಕನ ಕೈ ಹಿಡಿದು, ಕಾಲಲ್ಲಿ ನೆಲ ಹುಡುಕುತ್ತ, ಸಮಾಧಾನವಾಗಿ ಬಂದಳು. ನನ್ನ ಮಗ ಇರುವಾಗ ಬಸ್ಸೆಲ್ಲಿ ಹೋಗುತ್ತದೆ ಎಂಬ ಸಮಾಧಾನ ಅದು.

ಡ್ರೈವರ್ ಬಸ್ಸನ್ನು ಜೋರಾಗಿಯೇ ಬಿಟ್ಟ. ಆದರೆ ಸೇತುವೆಗೆ ಬಂದಾಗ ಎಂಟೂ ಹದಿನೇಳಾಗಿತ್ತು. ರಸ್ತೆಗೆ ಅಡ್ಡ ಹಗ್ಗ ಕಟ್ಟಿ ಅದಕ್ಕೆ ಕೆಂಪು ಅರಿವೆ ತೂಗುಹಾಕಿದ್ದರು. ಅದರ ಆಚೆ ಹೆಣ್ಣಾಳುಗಳು ಬುಟ್ಟಿಯಿಂದ ಬುಟ್ಟಿಗೆ ಕಾಂಕ್ರೀಟ್ ದಾಟಿಸುತ್ತಿದ್ದರು. ನಾನು ಇಳಿದು ಓಡಿದೆ. ಮಿಸ್ತ್ರಿ ನನ್ನನ್ನು ನೋಡಿ ಎದ್ದು ನಿಂತ.

"ಬಸ್ ಕೆಟ್ಟಿತೇನ್ರಿ ಸಾಹೇಬ್ರ? ಐದು ನಿಮಿಷ ಹೆಚ್ಚಿಗೀನ ಕಾದ್ನಿ. ಕಲಸಿದ ಸಿಮೆಂಟ್ ಬಿಸಿಲಿಗೆ ಗಟ್ಟಿ ಆಗತೈತ್ರಿ."

"ನಮ್ಮವ್ವನ ಕಣ್ಣಿನ ಆಪರೇಷನ್ ಐತಿ. ಹೆಂಗರ ಮಾಡಿ ದಾಟಸ್ರಿ."

ಅವನು ಹಸಿ ಕಾಂಕ್ರೀಟಿನ ಕಡೆ ನೋಡಿದ. ಅವನ ಮುಖ ಸಣ್ಣದಾಯಿತು. "ತಪ್ಪಿದ್ರ ದಾರಿ ನೋಡಬ್ಯಾಡ್ರಿ ಅಂದಾವ್ರು ನೀವ ಅಲ್ಲೇನ್ರಿ" ಎಂದ. ಹಂಗಿಸುವ ದನಿಯಲ್ಲಿ ಹೇಳಲಿಲ್ಲ, ಬೇಡಿಕೊಳ್ಳುವ ದನಿಯಲ್ಲಿ ಹೇಳಿದ. ತಾನು ಮಾಡಿದ್ದು ತಪ್ಪಲ್ಲ ಎಂದು ನಾನೇ ಹೇಳಬೇಕಾಗಿತ್ತು ಅವನಿಗೆ. ಹೇಳದೆ ಅವ್ವನನ್ನು ಇಳಿಸಲು ಬಸ್ಸಿನ ಕಡೆ ತಿರುಗಿದೆ.

ಬಸ್ಸಿನಲ್ಲಿದ್ದವರೆಲ್ಲ ಇಳಿದು ಸೇತುವೆಯ ಅಂಚಿನ ಹಲಗೆಯ ಮೇಲೆ ಒಬ್ಬೊಬ್ಬರೇ ದಾಟಿದರು. ಅವ್ವನನ್ನು ಮುಂದೆ ಮಿಸ್ತ್ರಿ, ಹಿಂದೆ ನಾನು ಹಿಡಿದು ದಾಟಿಸಿದೆವು. ಕೆಳಗೆ ನೀರಿನ ಸಪ್ಪಳ ಕೇಳಿ ಆಕೆ ನಡುವೆ ನಿಂತುಬಿಟ್ಟಳು. ಆಚೆಯ ದಂಡೆಯಿಂದ ಕಮತಗಿಗೆ ನಡೆದು, ಅಲ್ಲಿ ಶೇಂಗಾ ಚೀಲದ ಲಾರಿಯೊಂದನ್ನು ಹಿಡಿದು ಬಾಗಲಕೋಟೆ ಮುಟ್ಟಿದಾಗ ಹನ್ನೊಂದೂವರೆ. ದವಾಖಾನೆಯಲ್ಲಿ ಹೆಸರು ಹಚ್ಚುವುದು ಮುಗಿದಿತ್ತು. ಮುಂದಿನ ತಿಂಗಳು ಬರ್ರಿ ಎಂದರು.

ಮುಂದಿನ ತಿಂಗಳು ಡಾಕ್ಟರೇ ಬರಲಿಲ್ಲ. ಆ ನಡುವೆ ಒಂದು ಬೆಳಿಗ್ಗೆ ಅವ್ವ ಒಲೆಯ ಮೇಲಿನ ಹಂಚು ಯಾವುದು, ತಾಟು ಯಾವುದು ಎಂದು ಗೊತ್ತಾಗದೆ ಕೈಯಿಟ್ಟು ನಾಲ್ಕು ಬೆರಳು ಸುಟ್ಟುಕೊಂಡಳು. ನಾನು ಎಣ್ಣೆ ಹಚ್ಚುವಾಗ ಆಕೆ ಅಳಲಿಲ್ಲ, ನಾನು ಅತ್ತೆ. ಆ ಹನ್ನೆರಡು ನಿಮಿಷದ ಮಾತನ್ನು ಆಕೆ ಆಗ ಒಂದು ದಿನವೂ ಎತ್ತಲಿಲ್ಲ.

ಬಾಗಲಕೋಟೆಯಿಂದ ತಿರುಗಿ ಬಂದ ಸಂಜೆಯೇ ನಾನು ಪುಸ್ತಕದಲ್ಲಿ ಕಾರಣ ಬರೆದಿದ್ದೆ: "ಬಸ್ಸು ಏಳೂ ಹನ್ನೆರಡಕ್ಕೆ ಬಿಟ್ಟಿದೆ. ಕಾರಣ: ಕಂಟ್ರೋಲರನ ತಾಯಿ ಬರುವುದು ತಡವಾಯಿತು." ಬರೆದ ಮೇಲೆ, ಹೇಳಲಿಕ್ಕೆ ನಾಚಿಕೆಯಾಗುತ್ತದೆ, ಒಂದು ಬಗೆಯ ಹೆಮ್ಮೆ ಅನ್ನಿಸಿತು. ಹೆತ್ತ ತಾಯಿಯ ವಿಷಯವನ್ನೂ ಮುಚ್ಚಿಡಲಿಲ್ಲವಲ್ಲ ಎಂದು. ಹವಾಲ್ದಾರರು ಎದುರು ಸಿಕ್ಕಾಗ, "ನಿಮ್ಮಂಥಾ ಖರೆ ಮನುಷ್ಯಾರು ಕಡಿಮಿ ಬಿಡ್ರಿ" ಎಂದರು. ನಾನು ಅದನ್ನು ಒಪ್ಪಿಕೊಂಡೆ.

ಮೂರನೆಯ ತಿಂಗಳು ಅವ್ವ ನಸುಕಿನಲ್ಲೇ ಎದ್ದು ಪೂಜೆ ಮುಗಿಸಿದಳು. ಆರಕ್ಕೇ ಸ್ಟ್ಯಾಂಡಿಗೆ ಬಂದು, ಬಸ್ಸಿಗಿಂತ ಮೊದಲು ಕಟ್ಟೆಯ ಮೇಲೆ ಕೂತಳು. ಗಂಟು ತೊಡೆಯ ಮೇಲಿತ್ತು, ಯಾರು ಕೇಳಿದರೂ ಕೊಡಲಿಲ್ಲ. ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಬಂದು, ಆಕೆ ಮತ್ತೆ ವಚನದ ಪುಸ್ತಕ ಓದತೊಡಗಿದಳು. ಎದುರು ಮನೆಯ ಹಂಚಿನ ಮೇಲೆ ಕಾಗೆ ಕೂತರೂ ಕರೆದು ತೋರಿಸುತ್ತಿದ್ದಳು. ನನ್ನ ತಲೆಯಲ್ಲಿ ಬಿಳಿಕೂದಲು ನೋಡಿ ಗಾಬರಿಯಾದಳು.

ಒಂದು ಸಂಜೆ, "ನಿನ್ನ ಆ ಬಸ್ಸಿನ ಪುಸ್ತಕ ತಗೊಂಡು ಬಾ. ನನ್ನ ಸುದ್ದಿ ಅದರಾಗ ಬರದೀಯಂತ, ಮಂದಿ ಅಂತಾರ" ಎಂದಳು. ಸುತಳಿ ಬಿಚ್ಚಿ ತಂದುಕೊಟ್ಟೆ. ಅವ್ವ ಹೊಸ್ತಿಲ ಹತ್ತಿರ ಬೆಳಕಿಗೆ ಕೂತು, ಸುಟ್ಟ ಕಲೆ ಉಳಿದಿದ್ದ ಬೆರಳಿನಿಂದ ಸಾಲು ಹಿಡಿದು ಓದಿದಳು. ಓದಿ ಮುಗಿಸಿ ಮತ್ತೊಮ್ಮೆ ಓದಿದಳು.

"ಇದನ್ನ ಬರದಾಂವ ಯಾರು?"

"ನಾನ, ಅವ್ವಾ."

"ಖರೆ ಕಾರಣ ಬರೀಬೇಕಂತ ಎಲ್ಲಾರಿಗೂ ಹೇಳಿದಾಂವ?"

"ನಾನ."

"ಹೆಡ್ಮಾಸ್ತರ ತಡಾ ಮಾಡಿದ್ರು. ಅವತ್ತ ಬಸ್ ತಡಾ ಆತೇನು?"

"ಇಲ್ಲ. ಬಿಟ್ಟು ಕಳಿಸಿದ್ನಿ."

"ಮತ್ತ? ನಾ ತಡಾ ಮಾಡಿದ್ದು ಖರೆ. ಬಸ್ ತಡಾ ಮಾಡಿದಾಂವ ನೀ. ಆ ಮಿಸ್ತ್ರಿ ಹಲಗಿ ಮ್ಯಾಲ ನನ್ನ ಕೈ ಹಿಡದು ನಡಸೂವಾಗ ತಪ್ಪಾತ್ರಿ ಯವ್ವಾ, ತಪ್ಪಾತ್ರಿ ಯವ್ವಾ ಅಂತಿದ್ದ. ಅವಂದೇನು ತಪ್ಪಿತ್ತೋ ತಮ್ಮಾ?"

ಆಕೆ ದನಿ ಏರಿಸಲಿಲ್ಲ. ಕನ್ನಡಕದ ಹಿಂದೆ ಕಣ್ಣುಗಳು ದೊಡ್ಡದಾಗಿ ಕಾಣುತ್ತಿದ್ದವು. ಎರಡು ವರ್ಷಗಳ ಮೇಲೆ ಅವು ನನ್ನನ್ನು ನೇರ ನೋಡುತ್ತಿದ್ದವು. ಡ್ರೈವರ್ ಕೂಡ ತನ್ನ ನಿದ್ದೆಯನ್ನು ತನ್ನದೆಂದೇ ಬರೆದಿದ್ದ.

"ಗೆರಿ ಹೊಡದು ಬರಿ" ಎಂದು ಪುಸ್ತಕ ಮುಂದೆ ಮಾಡಿದಳು.

ನಾನು ಹಳೆಯ ಸಾಲಿಗೆ ಗೆರೆ ಹೊಡೆದು ಅದರ ಕೆಳಗೆ ಬರೆದೆ: "ರಜೆಯ ಮೇಲಿದ್ದ ಕಂಟ್ರೋಲರ್ ತನ್ನವರಿಗಾಗಿ ಕೈ ಎತ್ತಿ ಬಸ್ಸು ನಿಲ್ಲಿಸಿದ. ಬ್ರಿಜ್ ಬಂದ್ ಮಾಡಿದವರ ತಪ್ಪಿಲ್ಲ." ಅವ್ವ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಆಮೇಲೆ, "ಓದಿದಾವ್ರು ಕೆಳಗ ಸಹಿ ಮಾಡ್ಬೇಕಂತಲ್ಲ" ಎಂದು ನನ್ನ ಕೈಯಿಂದ ಪೆನ್ನು ಇಸಿದುಕೊಂಡು, ಸುಟ್ಟ ಬೆರಳುಗಳಲ್ಲಿ ಅದನ್ನು ಬಿಗಿಯಾಗಿ ಹಿಡಿದು, ಡೊಂಕು ಡೊಂಕಾಗಿ ಸಹಿ ಮಾಡಿದಳು.

ಮರುದಿನ ಪುಸ್ತಕ ಏಳಕ್ಕೆ ಹೊರಟಿತು. ಸಂಜೆ ತಿರುಗಿ ಬಂದಾಗ ಅವ್ವನ ಸಹಿಯ ಕೆಳಗೆ ಹವಾಲ್ದಾರರ ಸಹಿಯಿತ್ತು, ಅದರ ಕೆಳಗೆ ಮಿಸ್ತ್ರಿಯದು. ಇಬ್ಬರೂ ಬೇರೆ ಏನೂ ಬರೆದಿರಲಿಲ್ಲ.